ಮಗಳನ್ನು ಎತ್ತಿ ಇಳಿಸುತ್ತಿದ್ದವನು

ಅವನ ಅಂಗೈ ಸದಾ ತಣ್ಣಗಿರುತ್ತಿತ್ತು. ಮೇ ತಿಂಗಳ ಮಧ್ಯಾಹ್ನ ಸಂಭಾಜಿನಗರದ ಕೆಂಪು ಬಸ್ಸಿನಿಂದ ನಾಶಿಕದ ಸ್ಟ್ಯಾಂಡಿನಲ್ಲಿ ಇಳಿದು, ಬೆವರಿನಲ್ಲಿ ತೊಯ್ದ ಅಂಗಿಯಲ್ಲೇ ಕೈ ಕೊಟ್ಟರೆ, ಆಗಷ್ಟೇ ಮಡಕೆಯ ನೀರಿನಿಂದ ತೆಗೆದ ಹಾಗಿರುತ್ತಿತ್ತು ಆ ಕೈ. ಕೊಡುವ ಮೊದಲು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಬೆವರು ಹೋಗುತ್ತಿತ್ತು, ತಂಪು ಹೋಗುತ್ತಿರಲಿಲ್ಲ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಒಂದು ಬಿಳಿ ಗೆರೆ, ಸ್ಕೇಟಿನ ಅಲಗು ಎಳೆದದ್ದು. ಆ ಕೈಗೆ ನಾನು ನನ್ನ ಒಬ್ಬಳೇ ಮಗಳನ್ನು ಒಪ್ಪಿಸಿದ್ದೆ.

ಈ ವಾಕ್ಯ ಓದಿ ನಮ್ಮ ಗದಗಿನ ಬಂಧುಗಳು ಎದ್ದು ಕೂತಾರು. ಮದುವೆಯ ಮಾತಲ್ಲ, ಸಮಾಧಾನವಾಗಿರಿ. ನಾನು ಹೇಳುತ್ತಿರುವುದು ಐಸ್ ಡಾನ್ಸಿನ ವಿಷಯ. ಮಂಜುಗಡ್ಡೆಯ ನೆಲದ ಮೇಲೆ, ಚೂರಿಯಂಥ ಅಲಗಿನ ಬೂಟು ತೊಟ್ಟು, ಒಬ್ಬ ಹುಡುಗ ಒಬ್ಬಳು ಹುಡುಗಿ ಸಂಗೀತಕ್ಕೆ ಸರಿಯಾಗಿ ಜಾರುತ್ತ ಕುಣಿಯುವ ಸ್ಪರ್ಧೆ ಅದು. ನಡುನಡುವೆ ಹುಡುಗ ಹುಡುಗಿಯನ್ನು ಎತ್ತಬೇಕು, ಎತ್ತಿಕೊಂಡೇ ಗಿರಗಿರ ತಿರುಗಬೇಕು, ಆಮೇಲೆ ಇಳಿಸಬೇಕು. ಕೈ ಬಿಟ್ಟಾಗಲೂ ಇಬ್ಬರೂ ಎರಡು ತೋಳಿನ ಅಳತೆಗಿಂತ ದೂರ ಹೋಗಕೂಡದೆಂದು ನಿಯಮ. ಬೆಳೆದ ಮಗಳ ತಂದೆಗೆ ಇದರ ತದ್ವಿರುದ್ಧ ನಿಯಮವೇ ಹಿತವಾಗಿರುತ್ತಿತ್ತು. ಆದರೆ ನಿಯಮ ಮಾಡುವಾಗ ತಂದೆಯರನ್ನು ಯಾರೂ ಕೇಳಿರಲಿಲ್ಲ. ಬಿದ್ದರೆ ಅಂಕ ಕಳೆಯುತ್ತಾರಂತೆ. ತಲೆ ಒಡೆದರೆ ಎಷ್ಟು ಕಳೆಯುತ್ತಾರೆಂದು ಹುಡುಕಿ ನೋಡಿದೆ. ಆ ಕುರಿತು ನಿಯಮಾವಳಿ ಗಂಭೀರ ಮೌನ ತಾಳಿತ್ತು.

ನಾನು ಬ್ಯಾಂಕಿನವನು, ವರ್ಗವಾಗಿ ನಾಶಿಕಕ್ಕೆ ಬಂದು ಇಲ್ಲೇ ಬೇರು ಬಿಟ್ಟವನು. ಸಾಲ ಕೇಳಲು ಬಂದವನು ಕುರ್ಚಿಯಲ್ಲಿ ಕೂರುವ ಮೊದಲೇ 'ಇವನು ಮುಳುಗಿದರೆ?' ಎಂದು ಯೋಚಿಸುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಆ ಅಭ್ಯಾಸ ಮನೆಗೂ ಬಂದಿತ್ತು. ಗ್ಯಾಸಿನ ನಾಬು, ಬಾಲ್ಕನಿಯ ಕಂಬಿ, ನೆರೆಮನೆಯವರ ನಾಯಿ, ಯಾವುದನ್ನೂ ನಾನು ಜಾಮೀನಿಲ್ಲದೆ ನಂಬಿದವನಲ್ಲ. ಇಂಥವನ ಮನೆಯಲ್ಲಿ, ಕಾಲಿಗೆ ಗಾಲಿ ಕಟ್ಟಿಕೊಂಡು ಪಾರ್ಕಿಂಗಿನ ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು ಹೊರಡುವ ಮಗಳು ಹುಟ್ಟಿದ್ದು ದೇವರ ವಿನೋದವಿರಬೇಕು.

ಗಾಲಿ ಸ್ಕೇಟಿಂಗಿನಿಂದ ಅವಳನ್ನು ಐಸಿನ ಕಡೆ ತಿರುಗಿಸಿದವರು ಅವಳ ಕೋಚ್ ಮೇಡಂ. ಆಗ ಅವಳು ಒಂಬತ್ತನೆಯ ತರಗತಿ. ನಾಶಿಕದಲ್ಲಿ ನಾನು ಕಂಡ ಐಸು ಬಣ್ಣದ ಶರಬತ್ತು ಹಾಕಿ ಗೋಳಾ ಮಾರುವವನ ಗಾಡಿಯಲ್ಲಿದ್ದದ್ದು ಮಾತ್ರ. ಹಾಗಾಗಿ ವರ್ಷವಿಡೀ ಸಿಮೆಂಟಿನ ನೆಲದ ಮೇಲೆ ಗಾಲಿಬೂಟಿನಲ್ಲಿ ಅಭ್ಯಾಸ. ಸ್ಪರ್ಧೆಗೆ ಮುಂಚೆ ಕೆಲವು ದಿನ, ಉತ್ತರದ ಒಂದು ಗುಡ್ಡದ ಊರಿನ ರಿಂಕಿನಲ್ಲಿ ನಿಜವಾದ ಐಸು. ಬಾವಿಯಿಲ್ಲದ ಊರಿನಲ್ಲಿ ಈಜು ಕಲಿಸಿದ ಹಾಗೆ.

ಜೊತೆಗಾರನನ್ನು ಹುಡುಕಿ ತಂದವರೂ ಮೇಡಮ್ಮೇ. ಹುಡುಗ ಮಗಳಿಗಿಂತ ಮೂರು ವರ್ಷ ದೊಡ್ಡವನು. ಇಂಡಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಸಂಭಾಜಿನಗರಕ್ಕೆ ಹೋದ ಮನೆತನ. ಅವನ ಅಪ್ಪ ಹೊಸ ಸ್ಲ್ಯಾಬುಗಳಿಗೆ ನೀರು ಹೊಡೆಯುವ ಕೆಲಸದವರು. ಒಂದು ಸ್ಕೇಟಿಂಗ್ ಮೈದಾನ ಕಟ್ಟುವಾಗ ಅಲ್ಲಿಯ ತಗಡಿನ ಶೆಡ್ಡಿನಲ್ಲೇ ಸಂಸಾರ ಹೂಡಿದ್ದರು. ಕಟ್ಟಿ ಮುಗಿದ ಮೇಲೆ ಅಲ್ಲೇ ವಾಚಮನ್ ಆಗಿ ಉಳಿದರು. ಮಗ ಯಾರೋ ಬಿಟ್ಟುಹೋದ ಗಾಲಿಬೂಟಿಗೆ ಸುತ್ತಲೂ ಸುತಳಿ ಬಿಗಿದುಕೊಂಡು ಜಾರಲು ಕಲಿತ.

"ಕಾಕಾ, ಘಾಬರೂ ನಕಾ," ಎಂದು ಮೇಡಂ ಮರಾಠಿಯಲ್ಲಿ ಅಭಯ ಕೊಟ್ಟರು, ಗಾಬರಿಯಾಗಬೇಡಿ ಎಂದು. "ಈ ಹುಡುಗ ಯಾವತ್ತೂ ಯಾರನ್ನೂ ಕೆಡವಿಲ್ಲ."

'ಯಾವತ್ತೂ' ಎಂಬ ಪದ ಕಿವಿಗೆ ಬಿದ್ದರೆ ಬ್ಯಾಂಕಿನವನು ಕಡತವನ್ನು ಮತ್ತೊಮ್ಮೆ ತೆರೆಯುತ್ತಾನೆ. ಇನ್ನೂ ಮುಳುಗದ ಸಾಲಗಾರನ ಬಗ್ಗೆ ಎಲ್ಲರೂ ಹೇಳುವುದು ಅದನ್ನೇ.

ಪ್ರತಿ ಶನಿವಾರ ಬರುತ್ತಿದ್ದ, ಭಾನುವಾರ ಸಂಜೆ ಹೋಗುತ್ತಿದ್ದ. ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಮನೆಯಲ್ಲಿ ಸೋಫಾ ಬಿಟ್ಟು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದ. ನನ್ನ ಹೆಂಡತಿ ಮೊದಲ ದಿನವೇ ಅವನ ರೊಟ್ಟಿಯಲ್ಲಿ ಅರ್ಧ ಕಿತ್ತುಕೊಂಡು ತಿಂದು ಅವನ ಪಕ್ಷಕ್ಕೆ ಸೇರಿಬಿಟ್ಟಳು. ಅವಳು ತನ್ನ ಹಳೆಯ ಪೈಠಣಿ ಸೀರೆಯ ಸೆರಗನ್ನು ಮಗಳ ಸ್ಪರ್ಧೆಯ ಉಡುಪಿಗೆ ಹಚ್ಚಬೇಕೆಂದು ಹಟ ಹಿಡಿದಾಗ, ಅದಕ್ಕೆ ಹೊಂದುವ ತುಂಡು ಅಂಚನ್ನು ದಾರಿಯ ಯೇವಲಾದಲ್ಲಿ ಬಸ್ಸಿಳಿದು ಮಗ್ಗದವರ ಮನೆಮನೆ ತಿರುಗಿ ತಂದುಕೊಟ್ಟವನು ಅವನೇ. ಮುಂದಿನ ಬಸ್ಸು ತಪ್ಪಿ, ಆ ದಿನ ಲಾರಿಯಲ್ಲಿ ಬಂದಿದ್ದ.

ಅಭ್ಯಾಸಕ್ಕೆ ಮೊದಲು ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಇಡೀ ನೆಲ ನಡೆಯುತ್ತಿದ್ದ. ಒಂದು ಹರಳು ಗಾಲಿಗೆ ಸಿಕ್ಕರೆ ಸಾಕು, ಇಬ್ಬರೂ ಮುಗ್ಗರಿಸುತ್ತಾರೆ. ಕಾಲಿಗೆ ತಾಗಿದ್ದನ್ನೆಲ್ಲ ಬಗ್ಗಿ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಇಷ್ಟು ಅನುಮಾನದ ಪ್ರಾಣಿಯನ್ನು ಬ್ಯಾಂಕಿನ ಹೊರಗೆ ನಾನು ಕಂಡದ್ದು ಅದೇ ಮೊದಲು.

ಇನ್ನೊಂದು ಕಟ್ಟುನಿಟ್ಟಿತ್ತು. ಮಗಳು 'ಹೂಂ' ಅನ್ನದೆ ಅವಳನ್ನು ಎತ್ತುತ್ತಿರಲಿಲ್ಲ. ಸಂಗೀತ ಮುಂದೆ ಓಡಿದರೂ ಸರಿ, ಮೇಡಂ ಕಿರುಚಿದರೂ ಸರಿ. ಅವನ ಕನ್ನಡ ಇಂಡಿಯ ಕನ್ನಡ, ಅದಕ್ಕೆ ಮೂಟೆಗಟ್ಟಲೆ ಹಿಂದಿ. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಮುಕ್ಕಾಲು ಮರಾಠಿಯೇ ಬರುತ್ತದೆ. ಇಬ್ಬರ ನಡುವೆ ಉಳಿದ ಅಚ್ಚಗನ್ನಡ ಅದೊಂದೇ ಆಗಿತ್ತು, ಹೂಂ.

ಇಷ್ಟಾದರೂ ನನ್ನ ಅನುಮಾನ ಕರಗಲಿಲ್ಲ. ಶನಿವಾರ ಬಂತೆಂದರೆ ಊಟ ಸೇರುತ್ತಿರಲಿಲ್ಲ. ಅವನು ಎತ್ತುತ್ತಾನೆ, ಇವಳ ತಲೆ ನೆಲದಿಂದ ಇಷ್ಟು ಮೇಲೆ ಹೋಗುತ್ತದೆ, ಅಲ್ಲಿಂದ ತೆಂಗಿನಕಾಯಿಯ ಹಾಗೆ... ಮುಂದಿನದನ್ನು ಮನಸ್ಸು ಬಿಡಿಸಿ ಬಿಡಿಸಿ ತೋರಿಸುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಅವನು ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಗ ಇಳಿದು ಹೋಗಿ ಕೇಳಿಯೇಬಿಟ್ಟೆ.

"ಏನಪಾ, ನೀ ಆಕೀನ್ನ ಕೆಡವೂದಿಲ್ಲಂತ ನನಗ ಜಾಮೀನು ಏನು?"

ಮಗಳು ತಲೆ ಚಚ್ಚಿಕೊಂಡಳು. "ಪಪ್ಪಾ, ಪ್ಲೀಸ್! ಕಾಯ್ ಹೇ, ಏನಿದು? ಆತ ಲೋನ್ ಕೇಳಾಕ ಬಂದಿಲ್ಲ!"

ಅವನು ಮಾತ್ರ ನಗಲಿಲ್ಲ. "ಕಾಕಾ, ಚಶ್ಮಾ ತಗದು ಆಕಿ ಕೈಯಾಗ ಕೊಡ್ರಿ. ಜೇಬಿನಾಗಿಂದು ಕೀಲಿ, ಮೊಬೈಲ್‌ನೂ," ಅಂದ.

"ಯಾಕ?"

"ನಿಮ್ಮನ್ನ ಎತ್ತತೀನ್ರಿ."

ಹೀಗೆ ಒಂದು ಜವಾಬ್ದಾರಿಯುತ ಬ್ಯಾಂಕಿನ ಹಿರಿಯ ಅಧಿಕಾರಿಯೊಬ್ಬರು, ವಾಚಮನ್, ತರಕಾರಿ ಮಾರುವ ಮಾವಶಿ ಮತ್ತು ಎರಡನೆಯ ಮಹಡಿಯ ಸಮಸ್ತ ಬಾಲ್ಕನಿಗಳ ಸಮಕ್ಷಮದಲ್ಲಿ, ಪೈಜಾಮದ ಮೇಲೆಯೇ ಭೂಮಿಯ ಸಂಪರ್ಕ ಕಳೆದುಕೊಂಡರು. ಅವನು ಒಂದು ಮೊಣಕಾಲು ಬಗ್ಗಿಸಿದ, ನನ್ನ ಸೊಂಟಕ್ಕೆ ತೋಳು ಸುತ್ತಿದ, "ಹೂಂ ಅನ್ರಿ," ಅಂದ. ಅಂದೆನೋ ಇಲ್ಲವೋ, ನಾನು ಅವನ ತೊಡೆಯ ಮೇಲೆ ಅಡ್ಡಡ್ಡ ತೇಲುತ್ತಿದ್ದೆ. ಕಾರುಗಳ ಟಾಪು ಕಂಡವು. ಆಮೇಲೆ ತಿರುಗತೊಡಗಿದ. ನಾನು ಉಸಿರು ಬಿಗಿಹಿಡಿದು ಅವನ ಕಾಲರಿಗೆ ಜೋತುಬಿದ್ದೆ.

"ಉಸರು ಬಿಗಿ ಹಿಡೀಬ್ಯಾಡ್ರಿ ಕಾಕಾ," ಅವನ ದನಿ ಕಿವಿಯ ಹತ್ತಿರವೇ ಕೇಳಿತು. "ಅಂಜಿದವ್ರು ಭಾರ ಆಗ್ತಾರ."

ನಾಯಿ ಹಿಡಿದುಕೊಂಡು ಬಂದ ಸೊಸೈಟಿಯ ಸೆಕ್ರೆಟರಿ ನಿಂತು, ಇದೇನು ನಡೆದಿದೆಯೆಂದು ಮರಾಠಿಯಲ್ಲಿ ಕೇಳಿದರು. "ಸಾಹೇಬ್, ಕಾಯ್ ಚಾಲಲಂಯ್?"

"ವ್ಯಾಯಾಮ," ಎಂದೆ, ಗಾಳಿಯಿಂದಲೇ.

ಇಳಿಸಿದ. ಗಾಜಿನ ಬರಣಿಯನ್ನು ಕಪಾಟಿನಲ್ಲಿ ಇಡುವ ಹಾಗೆ ಇಳಿಸಿದ. ಸ್ಕೂಟರಿಗೆ ಒರಗಿ ನಿಂತು, ಮರ್ಯಾದೆ ಉಳಿಸಿಕೊಳ್ಳಲು ಕೇಳಿದೆ: "ನಿನಗ ಅಂಜಿಕಿ ಬರೂದಿಲ್ಲೇನೋ?"

ಅಂಗೈ ಚಾಚಿ ನನ್ನ ಕೈ ಮೇಲಿಟ್ಟ. ಐಸು. "ಶುಕ್ರವಾರ ಹಿಡಿದು ಹಿಂಗ ಇರ್ತೈತ್ರಿ. ಬಸ್ಸಿನಾಗ ಕುಂತ್ರ ಶುರು. ಅಂಜಿಕಿ ಇಲ್ಲದಾಂವನ ಕೈಯಾಗ ನೀವು ಮಗಳ್ನ ಕೊಡಬ್ಯಾಡ್ರಿ ಕಾಕಾ. ಬಿದ್ರ ಕೆಳಗ ನಾ ಇರ್ತೀನಿ. ಅಷ್ಟ ಹೇಳಾಕ ಆಗ್ತೈತಿ, ಹೆಚ್ಚಿಗಿ ಜಾಮೀನು ನನ್ನ ಕಡೆ ಇಲ್ರಿ."

ಆ ಮಾತನ್ನು ಅವನು ಬರಿಯ ಮಾತಾಗಿ ಬಿಡಲಿಲ್ಲ. ಮೈದಾನದ ಹುಲ್ಲಿನ ಮೇಲೆ ಇಬ್ಬರೂ ಬೀಳುವುದನ್ನೇ ಅಭ್ಯಾಸ ಮಾಡುತ್ತಿದ್ದರು. ಬೇಕೆಂದೇ ಕಾಲು ತಪ್ಪಿಸುವುದು, ಬೀಳುತ್ತ ಬೀಳುತ್ತ ಅವನು ಮೈ ಹೊರಳಿಸಿ ಅಡಿಗೆ ಹೋಗುವುದು, ಅವಳ ತಲೆ ಅವನ ಎದೆಗೆ ಬರುವುದು. ನೋಡಿದವರು ನಕ್ಕರು. ನಾನು ನಗಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಆಸಕ್ತಿಯಿಂದ ನೋಡಿದ ಕಲಾಪ್ರದರ್ಶನ ಬೇರೊಂದಿಲ್ಲ.

ಮೊದಲ ಸಲ ಐಸಿನ ಮೇಲೆ ಹೋದಾಗ ಅವನು ಮಾಡಿದ ತಪ್ಪನ್ನು ಇಲ್ಲಿ ಹೇಳಬೇಕು. ಗಾಲಿಬೂಟಿನ ಮುಂದೆ, ಬೆರಳುಗಳ ಕೆಳಗೆ, ಒಂದು ರಬ್ಬರಿನ ಬಿರಡೆ ಇರುತ್ತದೆ. ನಿಲ್ಲಬೇಕಾದರೆ ಅದನ್ನು ನೆಲಕ್ಕೆ ಒತ್ತುವುದು. ಐಸಿನ ಬೂಟಿನಲ್ಲಿ ಅದೇ ಜಾಗದಲ್ಲಿ ಅಲಗಿಗೆ ಹಲ್ಲುಗಳಿರುತ್ತವೆ. ವೇಗದಲ್ಲಿ ಅದನ್ನು ಒತ್ತಿದರೆ ನಿಲ್ಲುವುದಿಲ್ಲ; ಹಲ್ಲು ಐಸನ್ನು ಕಚ್ಚುತ್ತದೆ, ಮನುಷ್ಯ ಮುಂದೆ ಹಾರುತ್ತಾನೆ. ಗಾಲಿಯ ಮೇಲೆ ಬೆಳೆದವರು ಮಾತ್ರ ಮಾಡುವ ತಪ್ಪು ಅದು. ಮೊದಲ ದಿನ ಅವನು ಒಬ್ಬನೇ ಜಾರುತ್ತಿದ್ದಾಗ ಹಾಗೆ ಹಾರಿ, ಗಲ್ಲ ಒಡೆದುಕೊಂಡು, ಎದ್ದು ಕೂತು ತನ್ನ ಕಾಲಿನ ಜೊತೆ ಮಾತಾಡಿದ: "ಏ ಹುಚ್ಚಾ, ಇಲ್ಲಿ ರಬ್ಬರ್ ಇಲ್ಲ."

ಆಮೇಲಿನ ವರ್ಷಗಳಲ್ಲಿ ಕಾಲು ಆ ಪಾಠ ಕಲಿತಂತೆಯೇ ಇತ್ತು. ದೇಶಮಟ್ಟದ ಸ್ಪರ್ಧೆಯಲ್ಲಿ ಮೊದಲ ವರ್ಷ ಕೊನೆಯವರಾದರು. ಎರಡನೆಯ ವರ್ಷ ಕೊನೆಯವರಿಗಿಂತ ಒಂದು ಮೇಲೆ. ಮುಂದೆ ಕಂಚು, ಅದರಾಚೆ ಬೆಳ್ಳಿ. ಪದಕ ಬಂದಾಗ ಹೆಂಡತಿ ಸಿಹಿ ಹಂಚಿದಳು. ನಾನು ಮಗಳ ಮೊಣಕೈ, ಮೊಣಕಾಲು, ಹಲ್ಲುಗಳ ಲೆಕ್ಕ ನೋಡಿ, ಎಲ್ಲವೂ ಸ್ವಸ್ಥಾನದಲ್ಲಿವೆಯೆಂದು ಖಾತ್ರಿಯಾದ ಮೇಲೆ ಒಂದು ಪೇಢೆ ಬಾಯಿಗೆ ಹಾಕಿಕೊಂಡೆ.

ಮರುವರ್ಷ ಚಿನ್ನದ ಆಸೆ; ಅದೇ ಗುಡ್ಡದ ಊರಿನ ರಿಂಕಿನಲ್ಲಿ ಸ್ಪರ್ಧೆ, ನಾನು ಕಟಕಟೆಯ ಪಕ್ಕದಲ್ಲಿ ನಿಂತಿದ್ದೆ. ಚಿನ್ನ ಬಂದರೆ ಹೊರದೇಶದ ಸ್ಪರ್ಧೆ. ಸಂಗೀತದ ಕೊನೆಯ ಭಾಗಕ್ಕೆ ಒಂದು ಎತ್ತುವಿಕೆ. ಅವನು ಅವಳನ್ನು ತೊಡೆಯ ಮೇಲೆ ಹೊತ್ತು ರಿಂಕಿನ ಉದ್ದಕ್ಕೂ ಬಾಗಿ ಹೋಗಬೇಕು. ಅವಳು 'ಹೂಂ' ಅಂದದ್ದು ತುಟಿಯ ಚಲನೆಯಿಂದಲೇ ನನಗೆ ತಿಳಿಯಿತು. ಎತ್ತಿದ. ಅಭ್ಯಾಸದಲ್ಲಿ ಎಂದೂ ಬರದ ವೇಗ ಬಂದಿತ್ತು. ಎದುರಿನ ಮರದ ಗೋಡೆ ಬೇಗ ಹತ್ತಿರವಾಯಿತು. ಅವನಿಗೂ ಅದು ಕಂಡಿತು. ಆಗ ಅವನ ಬಲಗಾಲಿನ ಬೆರಳು ಕೆಳಗೆ ಒತ್ತಿತು. ಐಸು ಕಚ್ಚಿತು.

ಬಿದ್ದದ್ದು ನನಗೆ ಕಾಣಲಿಲ್ಲ, ಕೇಳಿಸಿತು. ಒಣ ಹಲಗೆಯ ಮೇಲೆ ಮೂಟೆ ಎಸೆದ ಸದ್ದು. ನೋಡಿದಾಗ ಅವನು ಗೋಡೆಗೆ ತಲೆ ಹಚ್ಚಿ ಅಂಗಾತ ಬಿದ್ದಿದ್ದ. ಮಗಳು ಅವನ ಎದೆಯ ಮೇಲಿದ್ದಳು. ಅವನ ಎರಡೂ ಕೈ ಅವಳ ತಲೆಯ ಹಿಂದೆ ಹೆಣೆದುಕೊಂಡಿದ್ದವು. ಅವಳು ಎದ್ದಳು. ಅವನು ಏಳಲಿಲ್ಲ. ಸಂಗೀತ ನಿಲ್ಲಿಸಲು ಯಾರಿಗೂ ತೋಚದೆ ಅದು ತನ್ನ ಪಾಡಿಗೆ ಕೊನೆಯವರೆಗೂ ಹೋಗಿ ಮುಗಿಯಿತು. ಅವನ ಕಿವಿಯಿಂದ ಬಂದ ರಕ್ತ ಐಸಿನ ಮೇಲೆ ಹರಿಯದೆ ಇದ್ದಲ್ಲೇ ಹೆಪ್ಪುಗಟ್ಟುತ್ತಿತ್ತು.

ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಒಯ್ದರು. ಮೇಡಂ ಡಾಕ್ಟರರ ಹಿಂದೆ ಓಡಾಡುತ್ತಿದ್ದರು. ಸಂಭಾಜಿನಗರಕ್ಕೆ ಫೋನ್ ಮಾಡುವ ಕೆಲಸ ನನಗೆ ಉಳಿಯಿತು. ದಿವಾಳಿ ನೋಟಿಸಿಗೂ ತಪ್ಪಿಲ್ಲದೆ ಸಹಿ ಹಾಕುತ್ತಿದ್ದವನು ಅಂದು ಎರಡು ಸಲ ತಪ್ಪು ನಂಬರು ಒತ್ತಿದೆ. ಅವನ ಅಪ್ಪ ಎತ್ತಿದರು. ಹಿಂದೆ ಪೈಪಿನಿಂದ ನೀರು ಸುರಿಯುವ ಸದ್ದು.

"ಹೇಳ್ರಿ ಸಾಹೇಬ್ರ."

"ಇಲ್ಲಿ... ಹುಡುಗರು ಬಿದ್ದಾರ್ರೀ."

ನೀರಿನ ಸದ್ದು ನಿಂತಿತು. "ಹುಡುಗಿ ಹ್ಯಾಂಗ ಅದಾಳ್ರಿ?"

"ಆಕಿಗೆ ಏನೂ ಆಗಿಲ್ಲ. ನಿಮ್ಮ ಮಗ—"

"ಆಕಿಗೇನೂ ಆಗಿಲ್ಲ ಅಂದ್ರಲಾ? ತಲಿಗೆ, ಕೈಕಾಲಿಗೆ?"

"ಇಲ್ರಿ. ಏನೂ ಇಲ್ಲ."

ಅವರು ಉಸಿರು ಬಿಟ್ಟದ್ದು ಅಷ್ಟು ದೂರದಿಂದ ಕೇಳಿಸಿತು. "ಹಂಗಾರ ಈಗ ಹೇಳ್ರಿ, ನಮ್ಮಾಂವಂದು."

ಎರಡನೆಯ ದಿನ ರಾತ್ರಿ ಅವನ ಅಪ್ಪ ಅವ್ವ ಇಬ್ಬರೂ ಬಂದರು. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಅವನ ಅಪ್ಪ ಹೇಳಿದರು: "ಶನಿವಾರ ಬಂತಂದ್ರ ನನಗ ಅನ್ನ ಇಳೀತಿದ್ದಿಲ್ರಿ. ಸಾಹೇಬ್ರ ಮಗಳು, ನಮ್ಮ ಹುಡುಗನ ಕೈಯಾಗ. ಕೆಡವಿದ ಅಂದ್ರ ನಾ ಎಲ್ಲಿ ಮಾರಿ ತೋರಸ್ಲಿ? ಬಿಡೋ ತಮ್ಮಾ ಅಂತ ಎಷ್ಟು ಸಲ ಅಂದೀನಿ."

ಇಷ್ಟು ವರ್ಷ ಒಂದೇ ವಾರ, ಒಂದೇ ಹೊತ್ತು, ಎರಡು ಊರಿನಲ್ಲಿ ಎರಡು ತಟ್ಟೆಗಳು ಮುಟ್ಟದೆ ಉಳಿದಿದ್ದವು. ನನ್ನ ಹೆದರಿಕೆಗಾದರೂ ಕೇಳಲು ಬಾಯಿತ್ತು, ಪಾರ್ಕಿಂಗಿಗೆ ಇಳಿದು ಹೋಗಿ ಜಾಮೀನು ಕೇಳುವ ಧೈರ್ಯವಿತ್ತು. ಅವರದಕ್ಕೆ ಅದೂ ಇರಲಿಲ್ಲ.

ಮೂರನೆಯ ದಿನ ಅವನಿಗೆ ಪೂರ್ತಿ ಎಚ್ಚರ ಬಂತು. ಮೇಡಂ ಬಗ್ಗಿ ಹೆಸರು ಹಿಡಿದು ಕರೆದರು. ಕಣ್ಣು ತೆರೆದು, "ಮಾರ್ಕ್ಸ್ ಎಷ್ಟು ಕಟ್ ಮಾಡಿದ್ರು?" ಅಂದ. ಅವನ ಅವ್ವ ಅಳುತ್ತಲೇ ಅವನ ಕಾಲಿಗೊಂದು ಏಟು ಹಾಕಿದಳು. ಆಮೇಲೆ ಅವನು ನನ್ನತ್ತ ತಿರುಗಿ, "ಕಾಕಾ, ತಪ್ಪು ನಂದ. ಗ್ವಾಡಿ ಕಾಣೂದಕ ಕಾಲು ರಬ್ಬರ್ ಹುಡುಕ್ತು," ಅಂದ.

ಮುರಿದ ಎಲುಬುಗಳು ಕೂಡಿದವು. ಆದರೆ ಒಳಗಿವಿಗೆ ಬಿದ್ದ ಪೆಟ್ಟು ಉಳಿಯಿತು. ತಲೆ ಥಟ್ಟನೆ ತಿರುಗಿಸಿದರೆ ಭೂಮಿಯೇ ತಿರುಗುತ್ತದೆ. ನೆಲದ ಮೇಲೆ ನಡೆಯಬಹುದು, ಐಸಿನ ಮೇಲೆ ನಿಲ್ಲುವಂತಿಲ್ಲ ಎಂದರು ಡಾಕ್ಟರು. ಅವನು ಸಂಭಾಜಿನಗರದ ಅದೇ ಮೈದಾನದಲ್ಲಿ, ಚಪ್ಪಲಿ ಮೆಟ್ಟಿ ನಿಂತು, ಸಣ್ಣ ಮಕ್ಕಳಿಗೆ ಗಾಲಿಯ ಪಾಠ ಹೇಳಿಕೊಡುವ ಕೆಲಸ ಹಿಡಿದ. ನನ್ನ ಮಗಳು ಬೂಟನ್ನು ಅಟ್ಟಕ್ಕೆ ಹಾಕಿದಳು. ನಾನು ಅಟ್ಟದ ಏಣಿಯನ್ನೂ ತೆಗೆದು ನೆರೆಮನೆಯವರಿಗೆ ಎರವಲು ಕೊಟ್ಟೆ.

ಸುಮಾರು ಒಂದು ವರ್ಷ ಕಳೆದು, ಮುನ್ಸೂಚನೆಯಿಲ್ಲದೆ, ಅವನು ನಮ್ಮ ಬಾಗಿಲಲ್ಲಿ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. ಬಸ್ಸಿನ ತಿರುವು ತಿರುವಿಗೂ ವಾಂತಿ ಮಾಡಿಕೊಂಡು ಬಂದಿದ್ದ. ಹೆಂಡತಿ ನಿಂಬೆಹಣ್ಣಿನ ಪಾನಕ ಕೊಟ್ಟಳು. ಕುಡಿದು ಲೋಟ ಕೆಳಗಿಟ್ಟ.

"ಕಾಕಾ, ಪುಣೆ ಕಡೆ ಒಬ್ಬ ಹುಡುಗ ಅದಾನ. ಜೋಡಿ ಇಲ್ಲ ಅವಗ. ನಾ ಹೋಗಿ ನೋಡಿ ಬಂದೀನಿ. ಕೈ ಚಲೋ ಅದಾವು. ಆಕೀನ್ನ ಕಳಸ್ರಿ."

"ನಿನಗ ಇಷ್ಟ ಆಗಿದ್ದು ಸಾಲಲಿಲ್ಲೇನೋ?" ನನ್ನ ದನಿ ಏರಿತು. "ಆಕಿ ತಲಿ ಉಳದದ. ಅದನ್ನ ಮತ್ತ ತೊಗೊಂಡು ಹೋಗಿ ಆ ಗೋಡೆಗೆ ಒಪ್ಪಸ್ಲೇನು?"

ಅವನು ಎದುರಾಡುವವನಲ್ಲ. ಆ ದಿನ ಆಡಿದ.

"ನಾ ಕೆಳಗ ಬಿದ್ದಿದ್ದು ಆಕಿ ಮನ್ಯಾಗ ಕೂಡ್ಲಿ ಅಂತ ಅಲ್ರಿ ಕಾಕಾ."

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಚಪ್ಪಲಿ ಮೆಟ್ಟಿಕೊಂಡು ಏಣಿ ತರಲು ನೆರೆಮನೆಗೆ ಹೋದಳು.

ಮುಂದಿನ ಚಳಿಗಾಲ ಅದೇ ಗುಡ್ಡದ ಊರು, ಅದೇ ರಿಂಕು. ಹೊಸ ಜೊತೆಗಾರನ ಜೊತೆ ಮಗಳು ಐಸಿಗೆ ಇಳಿದಳು. ಅವನೂ ನಮ್ಮೊಡನೆ ರೈಲಿನಲ್ಲಿ ಬಂದಿದ್ದ. ದಾರಿಯುದ್ದಕ್ಕೂ ಹೊಸ ಹುಡುಗನಿಗೆ ಅವಳ ಎಡ ಮೊಣಕಾಲಿನ ಸ್ವಭಾವವನ್ನು, ಭೂಮಿ ಮಾರುವವನು ಬಾಂದುಗಲ್ಲು ತೋರಿಸುವ ಹಾಗೆ, ವಿವರಿಸಿದ್ದ. ಸಂಗೀತ ಶುರುವಾಯಿತು. ನಾನು ಕಟಕಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಎತ್ತುವ ಹೊತ್ತು ಬರುತ್ತಿದ್ದಂತೆ ಪಕ್ಕಕ್ಕೆ ನೋಡಿದರೆ, ಅವನು ಐಸಿಗೆ ಬೆನ್ನು ಮಾಡಿ ಹಿಂದಿನ ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

"ತಲಿ ತಿರಗತದೇನೋ?"

"ಇಲ್ರಿ. ನನಗ ನೋಡಾಕ ಆಗೂದಿಲ್ಲ. ನೀವು ನೋಡಿ ಹೇಳ್ರಿ."

"ನಾನಾ?"

"ನೋಡ್ರಿ ಕಾಕಾ!"

ನೋಡಿದೆ. ಬೇರೆ ದಾರಿಯಿರಲಿಲ್ಲ, ಇಬ್ಬರಲ್ಲಿ ಒಬ್ಬರಾದರೂ ನೋಡಲೇಬೇಕಿತ್ತು.

"ಎತ್ತಿದ," ಎಂದೆ.

"ಮೊಣಕಾಲು ಬಗ್ಗೇದೇನ್ರಿ ಅವಂದು?"

"ಬಗ್ಗೇದ. ತಿರಗಾಕತ್ತಾರ."

"ಗ್ವಾಡಿ?"

"ದೂರ ಅದ. ಇನ್ನೂ ದೂರ ಅದ."

"ಇಳಿಸಿದನೇನ್ರಿ?"

ನಾನು ಕಂಬಿಯ ಮೇಲೆ ಮುಂದಕ್ಕೆ ಬಾಗಿದೆ. ಅವನು ಮತ್ತೆ ಕೇಳಿದ. ಐಸಿನ ಮೇಲೆ ಮಗಳ ಒಂದು ಕಾಲು ತಾಗಿತು, ಮತ್ತೊಂದು ತಾಗಿತು, ಅವಳು ನಿಂತಳು, ಜಾರುತ್ತ ಮುಂದೆ ಹೋದಳು.

"ಇಳಿಸಿದ."

ಅವನು ತಿರುಗಲಿಲ್ಲ. ಗೋಡೆಗೆ ಹಚ್ಚಿದ ಹಣೆ ಹಚ್ಚಿದ ಹಾಗೆಯೇ ಇಟ್ಟು, "ಇನ್ನೂ ಎರಡು ಅದಾವ್ರಿ. ಕಣ್ಣ ತಗೀಬ್ಯಾಡ್ರಿ," ಅಂದ.

ಆಮೇಲಿನ ಸ್ಪರ್ಧೆಗಳಿಗೆ ಅವನು ಬರುವುದಿಲ್ಲ. ಸಂಭಾಜಿನಗರದಲ್ಲಿ ಫೋನ್ ಕಿವಿಗೆ ಹಚ್ಚಿ ಕೂತಿರುತ್ತಾನೆ. ನಾನು ಕಂಬಿ ಹಿಡಿದು ಒಂದೊಂದನ್ನೂ ಹೇಳುತ್ತ ಹೋಗುತ್ತೇನೆ. ಹೆದರಿಕೆಯಾದಾಗ ಮುಖ ತಿರುಗಿಸುವ ಸೌಕರ್ಯ ಲೋಕದ ಎಲ್ಲ ತಂದೆಯರಿಗೂ ಇದೆ. ನನಗೆ ಮಾತ್ರ ಇಲ್ಲ.